ಅವಳಿ ಅಕ್ಕತಂಗಿಯರ ಕಥೆ, ಮೂರು ತಲೆಮಾರಿನ ಲೆಕ್ಕ: ‘ದಿ ವ್ಯಾನಿಶಿಂಗ್ ಹಾಫ್’ ಓದುವವರಿಗೆ ಒಂದು ಮಾರ್ಗದರ್ಶಿ

ಬ್ರಿಟ್ ಬೆನೆಟ್ ಅವರ ‘ದಿ ವ್ಯಾನಿಶಿಂಗ್ ಹಾಫ್’ ಕಾದಂಬರಿಯನ್ನು ಕೈಗೆತ್ತಿಕೊಂಡ ಓದುಗರು ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಮೊದಲನೆಯದು: ‘ಮೂರನೆಯ ಭಾಗಕ್ಕೆ ಬರುವಷ್ಟರಲ್ಲಿ ಇದು ಯಾವ ವರ್ಷ, ಯಾರು ಯಾರ ಮಗಳು ಎಂಬುದೇ ತಪ್ಪಿಹೋಗುತ್ತದೆ, ಏನು ಮಾಡುವುದು?’ ಎರಡನೆಯದು: ‘ನೋಡಲು ಬೆಳ್ಳಗಿರುವವಳನ್ನು ಕಪ್ಪು ಜನಾಂಗದವಳು ಎನ್ನುತ್ತಾರಲ್ಲ, ಅದು ಹೇಗೆ?’ ಎರಡನೆಯದಕ್ಕೆ ಉತ್ತರ ಸಿಗದೆ ಮೊದಲನೆಯದು ಬಗೆಹರಿಯುವುದಿಲ್ಲ. ಕಥೆ ಹಿಂದೆ ಮುಂದೆ ಓಡಾಡುವುದಕ್ಕೂ ಕಾರಣ ಅಲ್ಲಿಯೇ ಇದೆ.

ಕಾದಂಬರಿ ಪ್ರಕಟವಾದದ್ದು 2020ರ ಜೂನ್‌ನಲ್ಲಿ. ಅಮೆರಿಕದ ದಕ್ಷಿಣ ಭಾಗದ ಲೂಯಿಸಿಯಾನ ರಾಜ್ಯದಲ್ಲಿರುವ ಮ್ಯಾಲರ್ಡ್ ಎಂಬ ಕಾಲ್ಪನಿಕ ಊರಿನಿಂದ 1954ರಲ್ಲಿ ಹದಿನಾರು ವರ್ಷದ ಅವಳಿಗಳು ಓಡಿಹೋಗುತ್ತಾರೆ. ಅವರ ಹೆಸರು ಡೆಸಿರೇ ಮತ್ತು ಸ್ಟೆಲ್ಲಾ. ಹದಿನಾಲ್ಕು ವರ್ಷಗಳ ನಂತರ ಡೆಸಿರೇ ಕಡುಗಪ್ಪು ಬಣ್ಣದ ಮಗಳೊಬ್ಬಳ ಕೈಹಿಡಿದು ಊರಿಗೆ ಮರಳುತ್ತಾಳೆ. ಸ್ಟೆಲ್ಲಾ ಬಿಳಿಯ ಹೆಂಗಸಾಗಿ ಬೇರೆಲ್ಲೋ ಬದುಕುತ್ತಿದ್ದಾಳೆ. ಇದನ್ನು ಹೇಳಿದ್ದರಿಂದ ಗುಟ್ಟೇನೂ ಬಯಲಾಗಲಿಲ್ಲ, ಮೊದಲ ಅಧ್ಯಾಯದಲ್ಲಿಯೇ ಇದೆಲ್ಲ ಬರುತ್ತದೆ. ಅವಳಿಗಳ ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಈ ಲೇಖನದಲ್ಲಿ ಬಿಟ್ಟುಕೊಡುವುದಿಲ್ಲ.

ಬೇಕಾಗುವ ಸಾಮಗ್ರಿ

ಪುಸ್ತಕ ಸುಮಾರು 350 ಪುಟಗಳದ್ದು. ಇಂಗ್ಲಿಷ್ ಕಠಿಣವಲ್ಲ, ದಿನಪತ್ರಿಕೆ ಓದುವಷ್ಟು ಅಭ್ಯಾಸವಿದ್ದರೆ ಸಾಕು. ಸಂಭಾಷಣೆಯಲ್ಲಿ ದಕ್ಷಿಣದ ಆಡುನುಡಿಯ ಛಾಯೆ ಇರುತ್ತದೆ. ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ, ಸಾಲಿನ ಧಾಟಿಯಿಂದಲೇ ಅರ್ಥ ಹೊಳೆಯುತ್ತದೆ. ಇದರ ಜೊತೆಗೆ ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್ ಇರಲಿ. ಪೆನ್ನು ಬೇಡ, ಏಕೆಂದರೆ ನೀವು ಬರೆದುಕೊಂಡದ್ದನ್ನು ತಿದ್ದಬೇಕಾಗಿ ಬರುತ್ತದೆ.

ಹಂತ 1: ಕಥೆಗೆ ಮುಂಚೆ ಕಾನೂನನ್ನು ತಿಳಿದುಕೊಳ್ಳಿ

ಇದನ್ನು ಹಾರಿಸಬೇಡಿ. ಅರ್ಧದಲ್ಲೇ ಪುಸ್ತಕ ಮುಚ್ಚಿಟ್ಟವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಲೂಯಿಸಿಯಾನವನ್ನು ಮೊದಲು ಫ್ರೆಂಚರು, ನಡುವೆ ಸ್ಪೇನಿನವರು ಆಳಿದರು. 1803ರಲ್ಲಿ ಅಮೆರಿಕ ಅದನ್ನು ಕೊಂಡುಕೊಂಡಿತು. ತೋಟಗಳ ಬಿಳಿಯ ಒಡೆಯರಿಂದ ಗುಲಾಮ ಹೆಂಗಸರಿಗೆ ಮಕ್ಕಳು ಹುಟ್ಟುತ್ತಿದ್ದರು. ಒಲ್ಲೆ ಎನ್ನುವ ಹಕ್ಕೇ ಇಲ್ಲದ ತಾಯಂದಿರು ಅವರು. ಅಂಥ ಮಕ್ಕಳಲ್ಲಿ ಕೆಲವರು ಬಿಡುಗಡೆ ಪಡೆದರು, ಜಮೀನು ಮಾಡಿದರು, ತಮ್ಮಂಥವರ ನಡುವೆಯೇ ಸಂಬಂಧ ಬೆಳೆಸಿದರು. ಲೂಯಿಸಿಯಾನದಲ್ಲಿ ಇಂಥ ಮಿಶ್ರ ಮೂಲದ ಸಮುದಾಯಗಳನ್ನು ಕ್ರಿಯೋಲ್ ಎಂದು ಕರೆಯುವುದು ವಾಡಿಕೆ. ಕಾದಂಬರಿಯ ಮ್ಯಾಲರ್ಡ್ ಕೂಡ ಇದೇ ಬಗೆಯ ಊರು. ಬಿಡುಗಡೆಯಾದ ಗುಲಾಮನೊಬ್ಬ, ತನಗೆ ತಂದೆಯೂ ಒಡೆಯನೂ ಆಗಿದ್ದ ವ್ಯಕ್ತಿಯಿಂದ ಬಂದ ಕಬ್ಬಿನ ಗದ್ದೆಯಲ್ಲಿ 1848ರಲ್ಲಿ ಅದನ್ನು ಕಟ್ಟಿದನೆಂಬುದು ಕಥೆಯೊಳಗಿನ ಇತಿಹಾಸ. ಪ್ರತಿ ತಲೆಮಾರೂ ಹಿಂದಿನದಕ್ಕಿಂತ ಬೆಳ್ಳಗಾಗಬೇಕು ಎಂಬುದು ಅವನ ಕನಸು. ಅವಳಿಗಳು ಅವನ ವಂಶದ ಕುಡಿಗಳು.

ಆದರೆ ಎಷ್ಟೇ ಬೆಳ್ಳಗಾದರೂ ಕಾನೂನಿನ ಕಣ್ಣಿಗೆ ಅವರು ಬಿಳಿಯರಲ್ಲ. ‘ಒಂದು ಹನಿ’ ನಿಯಮ ಎಂದು ಕರೆಯುವುದು ಇದನ್ನೇ: ಪೂರ್ವಜರಲ್ಲಿ ಒಬ್ಬರು ಆಫ್ರಿಕನ್ ಮೂಲದವರಾಗಿದ್ದರೂ ಆ ವ್ಯಕ್ತಿ ಕಪ್ಪು ಜನಾಂಗದವರು. ಇದಕ್ಕೆ ನಿಜಜೀವನದ ದೊಡ್ಡ ಉದಾಹರಣೆ ಹೋಮರ್ ಪ್ಲೆಸಿ. ರೈಲಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಡಬ್ಬಿ ಇರಬೇಕೆಂದು ಲೂಯಿಸಿಯಾನ 1890ರಲ್ಲಿ ಕಾನೂನು ಮಾಡಿತು. ಅದನ್ನು ಪ್ರಶ್ನಿಸಲು ನ್ಯೂ ಆರ್ಲಿಯನ್ಸ್‌ನ ನಾಗರಿಕರ ಸಮಿತಿಯೊಂದು ಪ್ಲೆಸಿಯನ್ನು ಆರಿಸಿತು. ಅವರ ಎಂಟು ಮುತ್ತಜ್ಜ ಮುತ್ತಜ್ಜಿಯರಲ್ಲಿ ಏಳು ಮಂದಿ ಬಿಳಿಯರು. 1892ರ ಜೂನ್ 7ರಂದು ಅವರು ಬಿಳಿಯರ ಡಬ್ಬಿಯಲ್ಲಿ ಕುಳಿತರು. ನೋಡಿದರೆ ಯಾರಿಗೂ ತಿಳಿಯುವಂತಿರಲಿಲ್ಲ, ಆದ್ದರಿಂದ ತಾನು ಬಿಳಿಯನಲ್ಲ ಎಂದು ಅವರೇ ಹೇಳಬೇಕಾಯಿತು. ಬಂಧನವಾಯಿತು. 1896ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ನೀಡಿತು. ಆ ತೀರ್ಪಿನ ನೆರಳಿನಲ್ಲಿ ಶಾಲೆ, ಬಸ್ಸು, ಕುಡಿಯುವ ನೀರಿನ ನಲ್ಲಿ ಎಲ್ಲವೂ ಎರಡೆರಡಾದವು. ಈ ಪ್ರತ್ಯೇಕತೆಯ ಕಾನೂನುಗಳನ್ನೇ ಒಟ್ಟಾಗಿ ಜಿಮ್ ಕ್ರೋ ಎನ್ನುತ್ತಾರೆ. ಪ್ಲೆಸಿಗೆ ಮರಣೋತ್ತರ ಕ್ಷಮಾದಾನ ಸಿಕ್ಕಿದ್ದು 2022ರ ಜನವರಿಯಲ್ಲಿ.

ಇನ್ನೂ ಒಂದು ಸಂಗತಿ: ಮೂವತ್ತೆರಡರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಕಪ್ಪು ರಕ್ತವಿದ್ದರೆ ಆ ವ್ಯಕ್ತಿ ಕಪ್ಪು ಜನಾಂಗಕ್ಕೆ ಸೇರಿದವರು ಎಂಬ ಕಾನೂನನ್ನು ಲೂಯಿಸಿಯಾನ 1970ರಲ್ಲಿ ಮಾಡಿ, 1983ರವರೆಗೂ ಉಳಿಸಿಕೊಂಡಿತ್ತು. ಅಂದರೆ ಈ ಕಾದಂಬರಿಯ ಹೆಣ್ಣುಮಕ್ಕಳು ಕಾಲೇಜು ಓದುತ್ತಿದ್ದಾಗಲೂ ರಕ್ತದ ಈ ಲೆಕ್ಕ ಸರಕಾರದ ಪುಸ್ತಕದಲ್ಲಿತ್ತು.

ಈಗ ‘ಪಾಸಿಂಗ್’ ಎಂಬ ಮಾತು. ಕಪ್ಪು ಕುಟುಂಬದಲ್ಲಿ ಹುಟ್ಟಿದವರು ತಮ್ಮ ಬಣ್ಣ, ಕೂದಲು, ಮಾತಿನ ರೀತಿಯ ಬಲದಿಂದ ಬಿಳಿಯರೆಂದು ನಡೆದುಕೊಂಡು ಬದುಕುವುದೇ ಪಾಸಿಂಗ್. ಅದರಲ್ಲಿ ಎರಡು ಬಗೆ. ಹಗಲು ಕಚೇರಿಯಲ್ಲಿ ಬಿಳಿಯರಾಗಿದ್ದು ಸಂಜೆ ತಮ್ಮ ಕೇರಿಗೆ ಮರಳುವುದು ಒಂದು. ಮರಳದೇ ಇರುವುದು ಇನ್ನೊಂದು. ಸ್ಟೆಲ್ಲಾ ಮೊದಲನೆಯದರಿಂದ ಎರಡನೆಯದಕ್ಕೆ ದಾಟುವ ಪುಟಗಳನ್ನು ನಿಧಾನವಾಗಿ ಓದಿ. ನ್ಯೂ ಆರ್ಲಿಯನ್ಸ್‌ನ ದೊಡ್ಡ ಅಂಗಡಿಯೊಂದರ ಕಚೇರಿಯಲ್ಲಿ ಅವಳು ಕಾರ್ಯದರ್ಶಿಯ ಕೆಲಸಕ್ಕೆ ಸೇರುತ್ತಾಳೆ. ಅವಳು ಸುಳ್ಳು ಹೇಳುವ ಪ್ರಮೇಯವೇ ಬರುವುದಿಲ್ಲ. ಎದುರಿನವರು ಬಿಳಿಯಳೆಂದುಕೊಳ್ಳುತ್ತಾರೆ, ಅವಳು ತಿದ್ದುವುದಿಲ್ಲ.

ಹಂತ 2: ವರ್ಷಗಳ ಪಟ್ಟಿ ಮಾಡಿಕೊಳ್ಳಿ

ಕಾರಂತರ ‘ಮರಳಿ ಮಣ್ಣಿಗೆ’ ಓದಿದವರಿಗೆ ತಲೆಮಾರುಗಳ ಕಾದಂಬರಿ ಹೊಸದಲ್ಲ. ಆದರೆ ಅಲ್ಲಿ ರಾಮ ಐತಾಳರಿಂದ ಲಚ್ಚನಿಗೆ, ಲಚ್ಚನಿಂದ ಮೊಮ್ಮಗ ರಾಮನಿಗೆ ಕಾಲ ಮುಂದಕ್ಕೇ ಸಾಗುತ್ತದೆ. ಇಲ್ಲಿ ಹಾಗಿಲ್ಲ. ಮೊದಲ ಭಾಗ 1968, ಎರಡನೆಯದು 1978, ಮೂರನೆಯದು ಮತ್ತೆ 1968, ನಾಲ್ಕನೆಯದು 1982. ಕೊನೆಯ ಭಾಗಗಳು 1980ರ ದಶಕದ ಎರಡನೆಯ ಅರ್ಧದಲ್ಲಿ ನಡೆಯುತ್ತವೆ. ಪ್ರತಿ ಭಾಗದೊಳಗೂ ನೆನಪುಗಳು ಇನ್ನಷ್ಟು ಹಿಂದಕ್ಕೆ ಕರೆದೊಯ್ಯುತ್ತವೆ.

ನೋಟ್‌ಬುಕ್ಕಿನ ಒಂದು ಪುಟದಲ್ಲಿ ವರ್ಷಗಳನ್ನು ಮೇಲಿನಿಂದ ಕೆಳಕ್ಕೆ ಬರೆದುಕೊಳ್ಳಿ. ಎಡಗಡೆ ಮನೆಯ ಘಟನೆ, ಬಲಗಡೆ ದೇಶದ ಘಟನೆ. ಬಲಗಡೆಗೆ ಮೊದಲೇ ತುಂಬಿಕೊಳ್ಳಬಹುದಾದದ್ದು: 1954ರ ಮೇ ತಿಂಗಳಲ್ಲಿ ಶಾಲೆಗಳಲ್ಲಿನ ಪ್ರತ್ಯೇಕತೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ತೀರ್ಪು. 1967ರ ಜೂನ್‌ನಲ್ಲಿ ಅಂತರ್ಜನಾಂಗೀಯ ಮದುವೆಯ ನಿಷೇಧ ರದ್ದು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ, ಅದಾದ ಒಂದು ವಾರಕ್ಕೆ ವಸತಿಯಲ್ಲಿ ತಾರತಮ್ಯ ಕೂಡದೆಂಬ ಕಾಯಿದೆಗೆ ಅಂಕಿತ. ಈಗ ಎಡಗಡೆ ನೋಡಿ. ಅವಳಿಗಳು ಊರು ಬಿಟ್ಟದ್ದು 1954, ಡೆಸಿರೇ ಮರಳಿದ್ದು 1968ರ ಏಪ್ರಿಲ್. ಲೇಖಕಿ ಈ ವರ್ಷಗಳನ್ನು ಸುಮ್ಮನೆ ಆರಿಸಿಕೊಂಡಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ತೀರ್ಪು ಬಂದ ದಿನವೇ ಬದುಕು ಬದಲಾಯಿತೆಂದು ತಿಳಿಯಬೇಡಿ. 1954ರ ನಂತರವೂ ದಕ್ಷಿಣದ ಶಾಲೆಗಳು ವರ್ಷಗಟ್ಟಲೆ ಪ್ರತ್ಯೇಕವಾಗಿಯೇ ಉಳಿದವು. ನ್ಯೂ ಆರ್ಲಿಯನ್ಸ್‌ನಲ್ಲಿ ಆರು ವರ್ಷದ ಕಪ್ಪು ಹುಡುಗಿಯೊಬ್ಬಳು 1960ರಲ್ಲಿ ಬಿಳಿಯರ ಶಾಲೆಗೆ ಹೋಗಲು ಫೆಡರಲ್ ಮಾರ್ಷಲ್‌ಗಳ ಕಾವಲು ಬೇಕಾಯಿತು.

ಹಂತ 3: ವಂಶವೃಕ್ಷವನ್ನು ತಾಯಿಯ ಕಡೆಯಿಂದ ಬರೆಯಿರಿ

ನಮಗೆ ತಂದೆಯಿಂದ ಆರಂಭಿಸುವ ಅಭ್ಯಾಸ. ಇಲ್ಲಿ ಅದು ಕೆಲಸಕ್ಕೆ ಬಾರದು. ಮೇಲೆ ಅಡೆಲ್, ಅವಳ ಕೆಳಗೆ ಡೆಸಿರೇ ಮತ್ತು ಸ್ಟೆಲ್ಲಾ, ಡೆಸಿರೇಯ ಕೆಳಗೆ ಜೂಡ್, ಸ್ಟೆಲ್ಲಾಳ ಕೆಳಗೆ ಕೆನಡಿ. ಇಷ್ಟೇ ಬೆನ್ನುಮೂಳೆ. ಗಂಡಸರನ್ನು ಪಕ್ಕಕ್ಕೆ ಬರೆದುಕೊಳ್ಳಿ: ಅಡೆಲ್‌ಳ ಗಂಡ ಲಿಯಾನ್, ಡೆಸಿರೇ ಬಿಟ್ಟುಬಂದ ಗಂಡ ಸ್ಯಾಮ್, ಮುಂದೆ ಅವಳ ಜೊತೆಗಾರನಾಗುವ ಅರ್ಲಿ, ಸ್ಟೆಲ್ಲಾಳ ಗಂಡ ಬ್ಲೇಕ್.

ಹೆಸರಿನ ಪಕ್ಕದಲ್ಲಿ ‘ಕಪ್ಪು’, ‘ಬಿಳಿ’ ಎಂದು ಬರೆಯುವ ಆಸೆಯಾಗುತ್ತದೆ. ಬರೆಯಬೇಡಿ. ಬರೆದ ಕೂಡಲೇ ಕಾದಂಬರಿ ಕೇಳುತ್ತಿರುವ ಪ್ರಶ್ನೆಗೆ ನೀವೇ ಉತ್ತರ ಕೊಟ್ಟು ಮುಗಿಸಿದಂತಾಗುತ್ತದೆ. ಅದರ ಬದಲು ‘ಯಾರು ನೋಡಿದರೆ ಏನು’ ಎಂದು ಬರೆಯಿರಿ. ಮ್ಯಾಲರ್ಡ್‌ನವರ ಕಣ್ಣಿಗೆ ಜೂಡ್ ಏನು? ಲಾಸ್ ಏಂಜಲೀಸ್‌ನ ನೆರೆಮನೆಯವರ ಕಣ್ಣಿಗೆ ಸ್ಟೆಲ್ಲಾ ಏನು? ಒಂದೇ ಮುಖಕ್ಕೆ ಎರಡು ಊರಿನಲ್ಲಿ ಎರಡು ಹೆಸರು ಬೀಳುವುದು ಆಗ ಕಾಣುತ್ತದೆ.

ಲಿಯಾನ್‌ನ ಸಾವಿಗೆ ಬೇರೆಯೇ ಗುರುತು ಹಾಕಿಕೊಳ್ಳಿ. ಬಿಳಿಯರ ಗುಂಪೊಂದು ಅವನನ್ನು ಕೊಲ್ಲುತ್ತದೆ, ಅವನ ಮೇಲಿನ ಹಲ್ಲೆಯನ್ನು ಹೆಣ್ಣುಮಕ್ಕಳಿಬ್ಬರೂ ಚಿಕ್ಕಂದಿನಲ್ಲಿ ಕಣ್ಣಾರೆ ನೋಡುತ್ತಾರೆ. ಅವನ ಬಣ್ಣವೂ ಬಿಳುಪೇ, ಅದು ಅವನನ್ನು ಉಳಿಸಲಿಲ್ಲ. ಅವಳಿಗಳ ಮುಂದಿನ ಒಂದೊಂದು ನಿರ್ಧಾರವನ್ನು ಓದುವಾಗಲೂ ಈ ಗುರುತಿಗೆ ಹಿಂತಿರುಗಿ. ನೋಡಿದ್ದು ಒಂದೇ ದೃಶ್ಯ, ಇಬ್ಬರು ಕಲಿತ ಪಾಠ ಮಾತ್ರ ಬೇರೆ ಬೇರೆ.

ಹಂತ 4: ಯಾರಿಗೆ ಏನು ಗೊತ್ತು? ಒಂದು ಕೋಷ್ಟಕ

ನನ್ನನ್ನು ಕೇಳಿದರೆ ಇಡೀ ಓದಿನ ಕೀಲಿ ಇರುವುದು ಈ ಹಂತದಲ್ಲಿ. ಬೇರೆಲ್ಲ ಬಿಟ್ಟರೂ ಇದೊಂದನ್ನು ಮಾಡಿ.

ಕೌಟುಂಬಿಕ ಕಾದಂಬರಿಯಲ್ಲಿ ಸಾಮಾನ್ಯವಾಗಿ ಆಸ್ತಿ, ಮದುವೆ, ಸಾವು ಕಥೆಯನ್ನು ಮುಂದಕ್ಕೆ ದೂಡುತ್ತವೆ. ಇಲ್ಲಿ ಆ ಕೆಲಸವನ್ನು ಮಾಡುವುದು ತಿಳಿವಳಿಕೆ: ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಸಂಗತಿ. ನಾಲ್ಕು ಅಂಕಣಗಳನ್ನು ಎಳೆಯಿರಿ: ವ್ಯಕ್ತಿ, ಗೊತ್ತಿರುವ ಸಂಗತಿ, ಗೊತ್ತಾದ ವರ್ಷ, ಹೇಳಿದವರು. ಉದಾಹರಣೆಗೆ ಬ್ಲೇಕ್‌ನ ಸಾಲು: ಹೆಂಡತಿಗೆ ತವರಿನವರು ಯಾರೂ ಉಳಿದಿಲ್ಲ ಎಂದು ಅವನು ನಂಬಿದ್ದಾನೆ, ಹೇಳಿದವಳು ಸ್ಟೆಲ್ಲಾ. ಅಡೆಲ್‌ಳ ಸಾಲು: ಒಬ್ಬ ಮಗಳು ಕಳೆದುಹೋದಳು. ಹೇಗೆ, ಎಲ್ಲಿಗೆ ಎಂಬ ಜಾಗ ಖಾಲಿ. ಓದುತ್ತಾ ಹೋದಂತೆ ಈ ಖಾಲಿ ಜಾಗಗಳು ತುಂಬುತ್ತವೆ, ಕೆಲವು ಹಾಗೆಯೇ ಉಳಿಯುತ್ತವೆ. ಲೇಖಕಿ ವರ್ಷಗಳನ್ನು ಕಲಸಿ ಕೊಟ್ಟಿರುವುದು ಏಕೆಂದು ಆಗ ತಿಳಿಯುತ್ತದೆ. ಮಗಳಿಗೆ ಗೊತ್ತಿಲ್ಲದ್ದು ನಮಗೆ ಮೊದಲೇ ಗೊತ್ತಿರಬೇಕು. ಅಷ್ಟು ಗೊತ್ತಿದ್ದರೆ ಮಾತ್ರ ಅವಳು ತಾಯಿಯನ್ನು ಕೇಳುವ ಸಣ್ಣ ಪ್ರಶ್ನೆಯೂ ನಮ್ಮ ಎದೆ ನಡುಗಿಸುತ್ತದೆ.

ಈ ಕೋಷ್ಟಕ ಇನ್ನೊಂದನ್ನೂ ತೋರಿಸುತ್ತದೆ. ಪಾಸಿಂಗ್‌ಗೆ ತೆರುವ ಬೆಲೆ ಬಣ್ಣದಲ್ಲಿಲ್ಲ, ಸಂಬಂಧದಲ್ಲಿದೆ. ಹಾಗೆ ಬದುಕಿದವರು ತವರಿಗೆ ಕಾಗದ ಬರೆಯುವಂತಿಲ್ಲ, ಹಳೆಯ ಫೋಟೊ ಇಟ್ಟುಕೊಳ್ಳುವಂತಿಲ್ಲ, ತಾಯಿಯ ಸಾವಿಗೂ ಹೋಗುವಂತಿಲ್ಲ. ಬಸುರಿಯಾದರೆ ಹುಟ್ಟುವ ಮಗುವಿನ ಬಣ್ಣದ ಭಯ. ಪರಿಚಿತರು ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಬೇಕು. ಕಪ್ಪು ಸಮುದಾಯದವರು ಇಂಥವರ ಗುಟ್ಟನ್ನು ಬಹಳಷ್ಟು ಸಲ ಬಯಲು ಮಾಡದೆ ಕಾಪಾಡಿದ್ದೂ ಉಂಟು.

ಇಲ್ಲಿ ಆಗುವ ತಪ್ಪು, ಪಾಸಿಂಗ್ ಎಂದರೆ ದ್ರೋಹ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಡುವುದು. ವಾಲ್ಟರ್ ವೈಟ್ ಎಂಬವರಿದ್ದರು. ಹೊಂಬಣ್ಣದ ಕೂದಲು, ನೀಲಿ ಕಣ್ಣು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆಯ ಮುಖ್ಯಸ್ಥರಾಗಿ 1955ರವರೆಗೂ ದುಡಿದರು. ದಕ್ಷಿಣದ ಊರುಗಳಿಗೆ ಬಿಳಿಯನಂತೆ ಹೋಗಿ, ಗುಂಪುಹತ್ಯೆ ಮಾಡಿದವರ ಬಾಯಿಂದಲೇ ವಿವರ ಹೊರಡಿಸಿ ವರದಿ ಬರೆದರು. 1919ರಲ್ಲಿ ಆರ್ಕನ್ಸಾದಲ್ಲಿ ಗುಟ್ಟು ಬಯಲಾಗುವ ಹೊತ್ತಿಗೆ ರೈಲು ಹತ್ತಿ ಜೀವ ಉಳಿಸಿಕೊಂಡರು. ಪ್ಲೆಸಿ, ವೈಟ್, ಸ್ಟೆಲ್ಲಾ ಮೂವರ ಕೈಯಲ್ಲಿದ್ದದ್ದೂ ಒಂದೇ ಸಾಧನ.

ನಮ್ಮ ದೇಶಕ್ಕೆ ತಗಲುವ ಒಂದು ಸಂಗತಿಯನ್ನೂ ಹೇಳಬೇಕು. 1949ರಲ್ಲಿ ಲಾಸ್ ಏಂಜಲೀಸ್‌ನ ಟೆಲಿವಿಷನ್‌ನಲ್ಲಿ ರತ್ನ ಪದಕದ ರುಮಾಲು ತೊಟ್ಟು ಆರ್ಗನ್ ನುಡಿಸುತ್ತಿದ್ದ ಕೋರ್ಲಾ ಪಂಡಿತ್ ದೆಹಲಿಯಲ್ಲಿ ಹುಟ್ಟಿದವರೆಂದು ಪ್ರೇಕ್ಷಕರು ನಂಬಿದ್ದರು. ಅವರು ಮಿಸೌರಿ ರಾಜ್ಯದ ಕಪ್ಪು ಕುಟುಂಬದ ಜಾನ್ ರೋಲಂಡ್ ರೆಡ್. 1998ರಲ್ಲಿ ಅವರು ತೀರಿಕೊಂಡ ಮೇಲೆಯೇ ಇದು ಜಗತ್ತಿಗೆ ತಿಳಿದದ್ದು. ಭಾರತೀಯನಾದರೆ ತೆರೆಯುವ ಬಾಗಿಲು ಕಪ್ಪು ಅಮೆರಿಕನ್ನನಿಗೆ ತೆರೆಯುತ್ತಿರಲಿಲ್ಲ.

ಹಂತ 5: ಊರುಗಳು

ಮ್ಯಾಲರ್ಡ್ ನಕ್ಷೆಯಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ಅಡೆಲ್ ಮನೆಗೆಲಸಕ್ಕೆ ಹೋಗುವ ಓಪಲೂಸಸ್ ನಿಜವಾದ ಊರು. ಅಲ್ಲಿಂದ ನ್ಯೂ ಆರ್ಲಿಯನ್ಸ್ 200 ಕಿ.ಮೀ.ಗೂ ದೂರ. ಡೆಸಿರೇ ಎಫ್‌ಬಿಐ ಕಚೇರಿಯಲ್ಲಿ ಬೆರಳಚ್ಚು ಪರೀಕ್ಷಕಿಯಾಗಿದ್ದದ್ದು ವಾಷಿಂಗ್ಟನ್‌ನಲ್ಲಿ, ಸ್ಟೆಲ್ಲಾ ನೆಲೆಸುವುದು ಪಶ್ಚಿಮ ಕರಾವಳಿಯ ಲಾಸ್ ಏಂಜಲೀಸ್‌ನಲ್ಲಿ. ಇಷ್ಟು ಸಾಕು.

ಹಂತ 6: ಮನೆ ಯಾರದು ಎಂದು ಕೇಳಿ

ಈ ಹಂತದಲ್ಲಿ ಮೂರನೆಯ ಭಾಗದ ಒಂದು ಪ್ರಸಂಗ ಬರುತ್ತದೆ. ಮೊದಲೇ ತಿಳಿಯುವುದು ಬೇಡವೆನ್ನುವವರು ಮುಂದಿನ ಹಂತಕ್ಕೆ ಹೋಗಿ.

ಅಮೆರಿಕದಲ್ಲಿ ಜನಾಂಗದ ಗೆರೆಯನ್ನು ಭದ್ರವಾಗಿ ಕಾದದ್ದು ಮನೆ ಮಾರಾಟದ ಪತ್ರಗಳು. ‘ಈ ಮನೆಯನ್ನು ಬಿಳಿಯರಲ್ಲದವರಿಗೆ ಮಾರಕೂಡದು’ ಎಂಬ ಷರತ್ತು ಕ್ರಯಪತ್ರದಲ್ಲಿಯೇ ಇರುತ್ತಿತ್ತು. ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಬಡಾವಣೆಗಳ ಮಾಲೀಕರ ಸಂಘಗಳು ಅದನ್ನೇ ಬಾಯಿಮಾತಿನಲ್ಲಿ ನಡೆಸಿಕೊಂಡು ಬಂದವು.

ಸ್ಟೆಲ್ಲಾ ಇರುವ ಬಡಾವಣೆಯಲ್ಲಿ ವಾಕರ್ ಎಂಬ ಕಪ್ಪು ಕುಟುಂಬ ಮನೆ ಕೊಳ್ಳಲು ಬರುತ್ತದೆ. ಸಂಘದ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ವಿರೋಧಿಸುವವಳು ಸ್ಟೆಲ್ಲಾ. ಅವಳನ್ನು ಇಲ್ಲಿ ದ್ವೇಷಿಸುವುದು ಸುಲಭ. ಆದರೆ ನಿಮ್ಮ ಕೋಷ್ಟಕವನ್ನು ನೋಡಿ. ಬಿಳಿಯ ನೆರೆಯವರು ಅವಳ ಮುಖ ನೋಡಿ ಗುರುತಿಸಲಾರರು. ಕಪ್ಪು ಹೆಂಗಸೊಬ್ಬಳು ಗುರುತಿಸಬಲ್ಲಳು. ಅವಳ ದನಿ ಏರಿದ್ದು ಈ ಭಯದಿಂದ. ಮುಂದೆ ಲೊರೆಟ್ಟಾ ವಾಕರ್ ಜೊತೆ ಬೆಳೆಯುವ ಅವಳ ಸ್ನೇಹವೂ ಅದೇ ಬೇರಿನದು: ಯಾರ ಎದುರು ಬಯಲಾಗುವ ಭಯವಿದೆಯೋ ಅವರ ಎದುರು ಮಾತ್ರ ಸ್ವಲ್ಪ ಹಗುರಾಗಬಹುದು. ಇಡೀ ಕಾದಂಬರಿಯಲ್ಲಿ ಅತ್ಯಂತ ಗಟ್ಟಿಯಾದ ಬರವಣಿಗೆ ಇರುವುದು ಇಲ್ಲಿ ಎಂದು ನನ್ನ ಖಚಿತ ಅಭಿಪ್ರಾಯ. ಒಂದೇ ಕೂತಿಗೆ ಓದಿ.

ಹಂತ 7: ನಮ್ಮ ಜಾತಿಗೆ ಹೋಲಿಸಿ, ಆದರೆ ಅಳತೆ ತಪ್ಪಬೇಡಿ

ಕನ್ನಡದ ಓದುಗರು ಹೋಲಿಸದೇ ಇರಲಾರರು, ಹೋಲಿಸಲೂ ಬೇಕು. ಬಾಡಿಗೆ ಮನೆ ಕೇಳಲು ಹೋದಾಗ ‘ನೀವು ಯಾವ ಜನ?’ ಎಂಬ ಪ್ರಶ್ನೆ ಎದುರಿಸಿದವರಿಗೆ, ಅಡ್ಡಹೆಸರು ಬಿಟ್ಟವರಿಗೆ, ಊರಿನ ನೆಂಟರು ಕಚೇರಿಗೆ ಬಂದರೆ ಎದೆ ಧಸಕ್ಕೆನ್ನುವವರಿಗೆ ಸ್ಟೆಲ್ಲಾಳ ಭಯವನ್ನು ಯಾರೂ ವಿವರಿಸಬೇಕಾಗಿಲ್ಲ. ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಎಂಬ ಮಾತನ್ನು ಕೇಳಿಸಿಕೊಂಡು ಬೆಳೆದ ಹುಡುಗಿಯರಿಗೆ ಮ್ಯಾಲರ್ಡ್‌ನ ಶಾಲೆಯಲ್ಲಿ ಜೂಡ್ ಅನುಭವಿಸುವುದು ಮೊದಲ ಓದಿಗೇ ಮುಟ್ಟುತ್ತದೆ. ಒಂದೇ ಸಮುದಾಯದೊಳಗೆ ಬಣ್ಣದ ಛಾಯೆ ನೋಡಿ ಮೇಲುಕೀಳು ಮಾಡುವ ಈ ರೂಢಿಯನ್ನು ಜನಾಂಗಭೇದದಿಂದ ಬೇರೆಯಾಗಿ ಗುರುತಿಸಿಕೊಳ್ಳಿ. ಕಾದಂಬರಿಯಲ್ಲಿ ಎರಡೂ ಇವೆ. ಜೂಡ್‌ಳನ್ನು ನೋಯಿಸುವವರು ಬಿಳಿಯರಲ್ಲ, ಅವಳದೇ ಊರಿನವರು.

ಆದರೆ ಹೋಲಿಕೆ ನಿಲ್ಲುವ ಜಾಗಗಳೂ ಇವೆ. ಜಾತಿಯನ್ನು ನಮ್ಮಲ್ಲಿ ಹೆಸರು, ಊರು, ಕೇರಿ, ಊಟ, ಮನೆದೇವರುಗಳಿಂದ ಪತ್ತೆ ಹಚ್ಚುತ್ತಾರೆ, ಅದಕ್ಕೆ ಬಣ್ಣ ಆಧಾರವಲ್ಲ. ಅಮೆರಿಕದಲ್ಲಿ ಮುಖ ನೋಡಿದ ಕ್ಷಣವೇ ತೀರ್ಮಾನ, ಮುಖ ಮೋಸ ಮಾಡಿದಾಗ ಮಾತ್ರ ವಂಶದ ಹುಡುಕಾಟ. ನಮ್ಮಲ್ಲಿ ಜಾತಿ ಪ್ರಮಾಣಪತ್ರ ಒಬ್ಬ ವಿದ್ಯಾರ್ಥಿಗೆ ಕಾಲೇಜಿನ ಬಾಗಿಲು ತೆರೆಯಬಲ್ಲದು. ಸ್ಟೆಲ್ಲಾಳ ಕಾಲದ ಲೂಯಿಸಿಯಾನದಲ್ಲಿ ಜನನ ದಾಖಲೆಯ ಅದೇ ಬಗೆಯ ಸಾಲು ಬಾಗಿಲು ಮುಚ್ಚುತ್ತಿತ್ತು. ಚರ್ಚೆಯಲ್ಲಿ ‘ಇದೂ ನಮ್ಮ ಜಾತಿಯ ಹಾಗೆಯೇ’ ಎಂದು ಯಾರಾದರೂ ಮಾತು ಮುಗಿಸಿದರೆ, ಯಾವ ವಿಷಯದಲ್ಲಿ ಹಾಗೆ ಎಂದು ಕೇಳಿ.

ಇದೇ ಎಚ್ಚರ ರೀಸ್ ಎಂಬ ಪಾತ್ರದ ವಿಷಯದಲ್ಲಿಯೂ ಇರಲಿ. ಎರಡನೆಯ ಭಾಗದಲ್ಲಿ ಜೂಡ್‌ಗೆ ಜೊತೆಯಾಗುವ ರೀಸ್ ಟ್ರಾನ್ಸ್ ಪುರುಷ, ಅಂದರೆ ಹುಟ್ಟಿದಾಗ ಹೆಣ್ಣೆಂದು ದಾಖಲಾಗಿ ಗಂಡಾಗಿ ಬದುಕುವವನು. ‘ಅವನೂ ಸ್ಟೆಲ್ಲಾಳಂತೆ ವೇಷ ಹಾಕಿದವನು’ ಎಂದು ಓದಿದರೆ ಪುಸ್ತಕವನ್ನು ತಲೆಕೆಳಗಾಗಿ ಓದಿದಂತೆ. ಸ್ಟೆಲ್ಲಾ ತಾನು ಯಾರೆಂಬುದನ್ನು ಮುಚ್ಚಿಡಲು ಊರು ಬಿಟ್ಟಳು, ರೀಸ್ ತಾನು ಯಾರೋ ಅದಾಗಿ ಬದುಕಲು ಬಿಟ್ಟ. ಲೇಖಕಿ ಇಬ್ಬರನ್ನೂ ಅಕ್ಕಪಕ್ಕ ಇಟ್ಟಿದ್ದಾರೆ, ಸಮ ಮಾಡಿಲ್ಲ.

ಹಂತ 8: ಗುಂಪಿನಲ್ಲಿ ಓದುವವರಿಗೆ

ಎರಡು ಬೈಠಕ್ ಸಾಕು. ಮೊದಲನೆಯದು ಮೂರನೆಯ ಭಾಗ ಮುಗಿದ ಮೇಲೆ, ಎರಡನೆಯದು ಪುಸ್ತಕ ಮುಗಿದ ಮೇಲೆ. ಮೊದಲ ದಿನ ‘ಸ್ಟೆಲ್ಲಾ ಮಾಡಿದ್ದು ಸರಿಯೇ ತಪ್ಪೇ’ ಎಂಬ ಪ್ರಶ್ನೆಯನ್ನು ಎತ್ತಬೇಡಿ. ಅದು ಎದ್ದರೆ ಸಂಜೆಯೆಲ್ಲ ಅದರಲ್ಲೇ ಕಳೆಯುತ್ತದೆ, ಡೆಸಿರೇಯ ಮಾತೇ ಬರುವುದಿಲ್ಲ. ಮರಳಿ ಬಂದವಳು ಡೆಸಿರೇ. ಹೊಡೆಯುವ ಗಂಡನಿಂದ ಮಗಳನ್ನು ಕಾಪಾಡಿಕೊಂಡು ಬಂದು ತಾಯಿಯ ಜೊತೆ ನಿಂತವಳು ಅವಳು. ಓದುಗರು ಅವಳನ್ನು ಬೇಗ ಮರೆಯುತ್ತಾರೆ, ಇದು ನನಗೆ ಪ್ರತಿಸಲವೂ ಬೇಸರ ತರಿಸುತ್ತದೆ. ಆದ್ದರಿಂದ ಮೊದಲ ಬೈಠಕ್ಕನ್ನು ಅವಳಿಂದಲೇ ಆರಂಭಿಸಿ: ಅವಳು ಮ್ಯಾಲರ್ಡ್‌ನಲ್ಲಿ ಉಳಿದದ್ದು ಏಕೆ, ಉಳಿದು ಏನು ಕಳೆದುಕೊಂಡಳು?

ಎರಡನೆಯ ದಿನಕ್ಕೆ ಎಲ್ಲರೂ ತಮ್ಮ ತಮ್ಮ ಕೋಷ್ಟಕವನ್ನು ತರಲಿ. ಅಡೆಲ್, ಬ್ಲೇಕ್, ಕೆನಡಿ ಈ ಮೂವರ ಸಾಲುಗಳನ್ನು ಗಟ್ಟಿಯಾಗಿ ಓದಿ. ಪುಸ್ತಕ ಮುಗಿದ ಮೇಲೂ ಯಾರ ಸಾಲಿನಲ್ಲಿ ಖಾಲಿ ಜಾಗ ಉಳಿದಿದೆ ಎಂದು ನೋಡಿ, ಅದನ್ನು ತುಂಬುವ ಅಧಿಕಾರ ಯಾರಿಗಿತ್ತು ಎಂದು ಚರ್ಚಿಸಿ. ಸ್ಟೆಲ್ಲಾಳ ಸರಿತಪ್ಪಿನ ಪ್ರಶ್ನೆಗೆ ಈಗ ಅವಕಾಶ ಕೊಡಬಹುದು. ಇನ್ನೂ ಮುಗಿಸದವರು ಗುಂಪಿನಲ್ಲಿದ್ದರೆ ಬೈಠಕ್ಕನ್ನು ಒಂದು ವಾರ ಮುಂದಕ್ಕೆ ಹಾಕಿ. ಕೊನೆಯ ಭಾಗವನ್ನು ಬೇರೆಯವರ ಬಾಯಿಂದ ಕೇಳುವಂತಾಗಬಾರದು.